ಅರ್ಹತೆಯನ್ನು ಅಳೆಯುವವರು ಯಾರು?

ಅಮೆರಿಕದಲ್ಲಿ ಸ್ತನ ಕ್ಯಾನ್ಸರ್ ಬಿಳಿಯರಿಗಿಂತ ಕಪ್ಪು ಮಹಿಳೆಯರಿಗೆ ತುಸು ಕಡಿಮೆಯೇ ಬರುತ್ತದೆ. ಸಾವಿನ ಪ್ರಮಾಣ ಮಾತ್ರ ಸುಮಾರು ಶೇ 40ರಷ್ಟು ಹೆಚ್ಚು. ಹಾರ್ಮೋನ್ ಚಿಕಿತ್ಸೆಗೆ ಬಗ್ಗದ ‘ಟ್ರಿಪಲ್ ನೆಗೆಟಿವ್’ ಗೆಡ್ಡೆ ಅವರಲ್ಲಿ ಹೆಚ್ಚುಕಡಿಮೆ ಎರಡು ಪಟ್ಟು. ತಡವಾದ ಪತ್ತೆ, ವಿಮೆಯ ಕೊರತೆ ಬೇರೆ. ಇಂಥ ಅಸಮಾನತೆಯ ಕಾರಣ ಹುಡುಕಲು ಹಿಂದುಳಿದ ಸಮುದಾಯಗಳಿಂದ ಬಂದ ಯುವ ವಿಜ್ಞಾನಿಗಳಿಗೆ ಅನುದಾನ ಮೀಸಲಿಡಬೇಕೆಂಬ ವಾದಕ್ಕೆ ಈ ಅಂತರವೇ ಆಧಾರ.

ಹುಟ್ಟು ನೋಡಬೇಡಿ, ಅರ್ಹತೆ ನೋಡಿ ಎನ್ನುವವರಿದ್ದಾರೆ. ಆಕ್ಷೇಪ ಹಗುರವಾದದ್ದಲ್ಲ. ಆದರೆ ಅಲ್ಲಿನ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಅನುದಾನಗಳ ಬಗ್ಗೆ 2011ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಅಧ್ಯಯನ, ಶಿಕ್ಷಣ, ತರಬೇತಿ, ಪ್ರಕಟಣೆಗಳನ್ನು ಲೆಕ್ಕಕ್ಕೆ ಹಿಡಿದ ಮೇಲೂ ಕಪ್ಪು ಅರ್ಜಿದಾರರ ಯಶಸ್ಸು ಬಿಳಿಯರಿಗಿಂತ ಸುಮಾರು 10 ಶೇಕಡಾ ಅಂಶ ಕಡಿಮೆ ಎಂದು ತೋರಿಸಿತು. 2019ರ ಇನ್ನೊಂದು ವಿಶ್ಲೇಷಣೆ ಒಂದು ಕಾರಣವನ್ನೂ ಹೆಸರಿಸಿತು: ಅವರು ಹೆಚ್ಚಾಗಿ ಆರಿಸಿಕೊಳ್ಳುವ ಸಮುದಾಯ ಆರೋಗ್ಯದಂಥ ವಿಷಯಗಳಿಗೇ ಹಣ ಸಿಗುವುದು ಕಡಿಮೆ. ಅಂದರೆ ಸೋಲುತ್ತಿರುವುದು ವ್ಯಕ್ತಿಯಷ್ಟೇ ಅಲ್ಲ, ಪ್ರಶ್ನೆಯೂ ಹೌದು.

ಅರ್ಜಿಯೊಳಗಿನ ಸಂಕಟ ಇನ್ನೂ ವಿಚಿತ್ರ. ಪರಿಶೀಲಕರು ಪ್ರಾಥಮಿಕ ದತ್ತಾಂಶ ಕೇಳುತ್ತಾರೆ. ದತ್ತಾಂಶಕ್ಕೆ ಪ್ರಯೋಗಾಲಯ ಬೇಕು, ಪ್ರಯೋಗಾಲಯಕ್ಕೆ ಹಣ. ಮೊದಲ ದೊಡ್ಡ ಅನುದಾನ ಕೈಸೇರುವ ಹೊತ್ತಿಗೆ ಸಂಶೋಧಕರ ಸರಾಸರಿ ವಯಸ್ಸು 40 ದಾಟಿರುತ್ತದೆ. ಅಲ್ಲಿಯವರೆಗೆ ಕಾಯಲು ಮನೆಯ ಆಸರೆ ಇಲ್ಲದವರು ಔಷಧ ಕಂಪನಿಯ ಕೆಲಸ ಹಿಡಿದರೆ ತಪ್ಪೇನು? ಆರಂಭದ ಎರಡು ಮೂರು ವರ್ಷದ ಸಣ್ಣ ಅನುದಾನ ಗೆಲುವನ್ನು ಖಾತರಿಪಡಿಸುವುದಿಲ್ಲ. ಸ್ಪರ್ಧೆಗೆ ಬೇಕಾದ ದತ್ತಾಂಶ ಕೂಡಿಸಲು ಸಮಯ ಕೊಡುತ್ತದೆ, ಅಷ್ಟೆ.