ಎಲ್ಲರಿಗೂ ಬೇಕಾದ ಬಸವಣ್ಣ

ಸರ್ಕಾರ ಯಾರದೇ ಇರಲಿ, ಬಜೆಟ್ ಭಾಷಣಕ್ಕೆ ಒಂದಾದರೂ ವಚನ ಬೇಕು. 2015ರ ನವೆಂಬರಿನಲ್ಲಿ ಲಂಡನ್ನಿನ ಥೇಮ್ಸ್ ದಂಡೆಯ ಬಸವಣ್ಣನವರ ಪ್ರತಿಮೆಯನ್ನು ಅನಾವರಣ ಮಾಡಿದವರು ನರೇಂದ್ರ ಮೋದಿ. 2024ರ ಜನವರಿಯಲ್ಲಿ ಬಸವಣ್ಣನವರನ್ನು ಕರ್ನಾಟಕದ ಸಾಂಸ್ಕೃತಿಕ ನಾಯಕರೆಂದು ಘೋಷಿಸಲು ತೀರ್ಮಾನಿಸಿದ್ದು ಸಿದ್ದರಾಮಯ್ಯನವರ ಸಂಪುಟ. ಹೀಗೆ ಎರಡೂ ಪಾಳಯಕ್ಕೆ ಒಪ್ಪಿಗೆಯಾಗಿರುವ ಬಸವಣ್ಣ ಯಾರಿಗೂ ತೊಂದರೆ ಕೊಡದ ಬಸವಣ್ಣ ಎಂಬುದು ನನ್ನ ಅನುಮಾನ.

ಗ್ಯಾರಂಟಿ ಯೋಜನೆಗಳ ಜಗಳವನ್ನೇ ನೋಡಿ. ಪುಕ್ಕಟೆ ಅಕ್ಕಿ ಕೊಟ್ಟರೆ ಜನ ಸೋಮಾರಿಗಳಾಗುತ್ತಾರೆ ಎನ್ನುವವರು ಕಾಯಕದ ಹೆಸರು ಹೇಳುತ್ತಾರೆ. ಕೊಡಲೇಬೇಕು ಎನ್ನುವವರು ದಾಸೋಹದ ಹೆಸರು ಹೇಳುತ್ತಾರೆ. ಶರಣರಲ್ಲಿ ಇವೆರಡೂ ಒಂದನ್ನು ಬಿಟ್ಟು ಇನ್ನೊಂದಿರದ ಮಾತುಗಳು, ಅದೂ ತಮಗೆ ತಾವೇ ಹಾಕಿಕೊಂಡ ಕಟ್ಟಳೆ. ರೇಷನ್ ಕಾರ್ಡು ಯಾರಿಗೆ ಸಲ್ಲಬೇಕು ಎಂಬುದಕ್ಕೆ ಅಲ್ಲಿ ಉತ್ತರವಿಲ್ಲ. ಅದಕ್ಕೆ ಲೆಕ್ಕಪತ್ರ ಬಿಚ್ಚಿಯೇ ವಾದಿಸಬೇಕು.

ಹಾಗೆಂದು ಧರ್ಮದ ಮಾತು ರಾಜಕೀಯದ ಹೊಸಿಲು ತುಳಿಯಲೇಬಾರದು ಎನ್ನುವವರ ಜೊತೆಗೂ ನಾನಿಲ್ಲ. ಜಾತಿಯ ವಿರುದ್ಧ ಈ ನಾಡಿನಲ್ಲಿ ಎದ್ದ ದೊಡ್ಡ ದನಿ ಭಕ್ತರದ್ದೇ. ಅಂಬೇಡ್ಕರರೂ 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಬೌದ್ಧ ಭಿಕ್ಷು ಸಂಘಗಳ ಸಭಾನಿಯಮಗಳನ್ನು ನೆನೆದರು. ಆದರೆ ಆ ಪದ್ಧತಿಯನ್ನು ಭಾರತ ಒಮ್ಮೆ ಕಳೆದುಕೊಂಡಿತು, ಮತ್ತೊಮ್ಮೆಯೂ ಕಳೆದುಕೊಳ್ಳಬಹುದು ಎಂಬ ಭಯವನ್ನು ಹೇಳಲಿಕ್ಕೆ ನೆನೆದರು. 2020ರ ಡಿಸೆಂಬರಿನಲ್ಲಿ ಹೊಸ ಸಂಸತ್ ಭವನದ ಶಂಕುಸ್ಥಾಪನೆಯಲ್ಲಿ ಶರಣರ ಅನುಭವ ಮಂಟಪದ ಹೆಸರು ಬಂದಾಗ ಅಲ್ಲಿದ್ದದ್ದು ಹೆಮ್ಮೆ. ಪರಂಪರೆಯನ್ನು ಎಚ್ಚರಿಕೆಗೆ ಕರೆಯುವುದು ಬೇರೆ, ಮೆರವಣಿಗೆಗೆ ಕರೆಯುವುದು ಬೇರೆ.

ಮಂಟಪವನ್ನು ಪಾರ್ಲಿಮೆಂಟ್ ಎನ್ನುವಾಗ ಇನ್ನೊಂದು ಸಂಗತಿ ಮರೆಯಾಗುತ್ತದೆ. ಅದರ ವಿಸ್ತಾರವಾದ ಚಿತ್ರಣ ನಮಗೆ ಸಿಗುವುದು 15ನೇ ಶತಮಾನದ ಶೂನ್ಯ ಸಂಪಾದನೆಗಳಲ್ಲಿ, ಅಂದರೆ ಶರಣರಿಗಿಂತ ಬಹಳ ಈಚೆಗೆ. ಕಲ್ಯಾಣದಲ್ಲಿ ಅಧಿಕಾರವಿದ್ದದ್ದು ಬಿಜ್ಜಳನ ಅರಮನೆಯಲ್ಲಿ. ಬಸವಣ್ಣನವರೂ ಅಲ್ಲಿನ ಭಂಡಾರದ ಅಧಿಕಾರಿಯೇ. ಶರಣರ ಮಾತು ಆ ಅಧಿಕಾರಕ್ಕೆ ಮುಖಾಮುಖಿಯಾದದ್ದು ಒಂದು ಮದುವೆಯಲ್ಲಿ: ಸಮಗಾರ ಹರಳಯ್ಯನ ಮಗ, ಬ್ರಾಹ್ಮಣ ಮಧುವರಸನ ಮಗಳು. ಪರಂಪರೆ ಹೇಳುವಂತೆ ಇಬ್ಬರು ಅಪ್ಪಂದಿರಿಗೂ ಘೋರ ಶಿಕ್ಷೆಯಾಯಿತು, ಬಿಜ್ಜಳ ಕೊಲೆಯಾದ, ಶರಣರು ದಿಕ್ಕಾಪಾಲಾದರು. ಬಸವ ಜಯಂತಿಯ ವೇದಿಕೆಗಳಲ್ಲಿ ಈ ಮದುವೆಯ ಪ್ರಸ್ತಾಪ ಬರುವುದುಂಟು. ಚುನಾವಣೆ ಬಂದಾಗ ಅದೇ ವೇದಿಕೆಯವರು ಕ್ಷೇತ್ರದ ಜಾತಿ ಲೆಕ್ಕ ನೋಡಿ ಟಿಕೆಟ್ ಹಂಚುತ್ತಾರೆ. ವಚನ ತಮ್ಮತ್ತ ತಿರುಗುವ ಹೊತ್ತಿಗೆ ಸರಿಯಾಗಿ ಭಾಷಣ ಮುಗಿದಿರುತ್ತದೆ!

ವಚನವನ್ನು ಉಲ್ಲೇಖಿಸಿದವರಿಗೆ ಚಪ್ಪಾಳೆ, ಸಂಶೋಧಿಸಿದವರಿಗೆ ಬೆದರಿಕೆ. ಎಂ. ಎಂ. ಕಲಬುರ್ಗಿಯವರು 'ಮಾರ್ಗ'ದ ಲೇಖನಗಳಲ್ಲಿ ಬರೆದದ್ದನ್ನು 1989ರಲ್ಲಿ ಒತ್ತಡಕ್ಕೆ ಮಣಿದು ಹಿಂತೆಗೆದುಕೊಳ್ಳಬೇಕಾಯಿತು. 2015ರ ಆಗಸ್ಟ್ 30ರಂದು ಧಾರವಾಡದ ಅವರ ಮನೆಯಲ್ಲೇ ಅವರನ್ನು ಗುಂಡಿಟ್ಟು ಕೊಂದರು.

ಆದ್ದರಿಂದ ನನ್ನ ನಿಲುವು ಇಷ್ಟು. ಧರ್ಮದ ಮಾತು ಒಬ್ಬನ ರಾಜಕೀಯಕ್ಕೆ ಪ್ರೇರಣೆ ಆಗಬಹುದು, ಸಾಕ್ಷಿ ಆಗಕೂಡದು. ಎದುರಾಳಿಯ ಬಾಯಿ ಮುಚ್ಚಿಸಲು ಅದನ್ನು ತಂದವನು ಆ ಧರ್ಮಕ್ಕೂ ಚರ್ಚೆಗೂ ಏಕಕಾಲದಲ್ಲಿ ಮೋಸ ಮಾಡುತ್ತಾನೆ. ಬಸವಣ್ಣನವರು ಎಷ್ಟೋ ವಚನಗಳಲ್ಲಿ ತಮ್ಮನ್ನೇ ಜರೆದುಕೊಳ್ಳುತ್ತಾರೆ. ಯಾವ ಪಕ್ಷದ ಪೋಸ್ಟರಿನಲ್ಲೂ ಅವು ಕಾಣುವುದಿಲ್ಲ.

ನಮಗೆ ಬರೆಯುವವರಲ್ಲಿ ಒಂದು ವಿನಂತಿ. ಚುನಾವಣೆ, ಮೀಸಲಾತಿ, ಪ್ರತ್ಯೇಕ ಧರ್ಮ, ಯಾವುದರ ಬಗ್ಗೆ ಬರೆದರೂ ಸರಿ, ವಚನ ಬಳಸುವುದಾದರೆ ಕತ್ತರಿಸಿದ ಸಾಲು ಬೇಡ. ಅಂಕಿತದವರೆಗೆ ಪೂರ್ತಿ ಕೊಡಿ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಸರ್ಕಾರವೇ ತಂದ 15 ಸಮಗ್ರ ವಚನ ಸಂಪುಟಗಳಿವೆ. ಸಂಪುಟ ಮತ್ತು ವಚನದ ಸಂಖ್ಯೆ ಇಲ್ಲದ ಲೇಖನಗಳನ್ನು ಮುಂದಿನ ಸಂಚಿಕೆಯಿಂದ ನಾವು ತೆಗೆದುಕೊಳ್ಳುವುದಿಲ್ಲ.