ಮಾತನಾಡುತ್ತಾನಲ್ಲ ಎಂದು ಸುಮ್ಮನಾಗಬೇಡಿ

ಸೈಟಿನಲ್ಲಿ ಕೈಯೋ ಕಾಲೋ ಮುರಿದರೆ ಹತ್ತು ಜನ ಓಡಿ ಬರುತ್ತಾರೆ. ಕುತ್ತಿಗೆಗೆ ಪೈಪು ಬಡಿದವನನ್ನು ಅಷ್ಟಾಗಿ ಯಾರೂ ಗಮನಿಸುವುದಿಲ್ಲ. ರಕ್ತ ಇಲ್ಲ, ಎದ್ದು ನಡೆಯುತ್ತಾನೆ, ಮಾತನಾಡುತ್ತಾನೆ. "ಏನಿಲ್ಲ ಮಾರಾಯ, ಒಂದು ಪನಡಾಲ್ ನುಂಗಿ ಮಲಗು" ಎಂದು ರೂಮಿಗೆ ಕಳುಹಿಸುವುದೇ ರೂಢಿ. ಈ "ಏನಿಲ್ಲ" ಜೀವಕ್ಕೇ ಎರವಾಗಬಹುದು.

ಶ್ವಾಸನಾಳ ಇರುವುದು ಕುತ್ತಿಗೆಯ ಮುಂಭಾಗದಲ್ಲೇ. ಪೈಪಿನ ಹೊಡೆತ, ಬೈಕ್ ಬಿದ್ದಾಗ ಹ್ಯಾಂಡಲ್ ತಾಗುವುದು, ಕುತ್ತಿಗೆಗೆ ಸುತ್ತಿದ ಬಟ್ಟೆ ಯಂತ್ರಕ್ಕೆ ಸಿಕ್ಕಿಕೊಳ್ಳುವುದು, ವಾಹನಕ್ಕೂ ಗೋಡೆಗೂ ನಡುವೆ ಎದೆ ಜಜ್ಜಿಹೋಗುವುದು, ಇವೆಲ್ಲ ಹೊರಗೆ ಗಾಯ ಕಾಣದಿದ್ದರೂ ಉಸಿರಿನ ನಾಳವನ್ನು ಹರಿಯಬಲ್ಲವು. ಇಂಥ ಗಾಯ ಅಪರೂಪ. ಹಾಗಾಗಿಯೇ ಕೆಲವೊಮ್ಮೆ ವೈದ್ಯರ ಕಣ್ಣಿಗೂ ತಪ್ಪಿಹೋಗುತ್ತದೆ. ಬಾವು ನಿಧಾನಕ್ಕೆ ಏರಿ, ಮಧ್ಯಾಹ್ನ ಚೆನ್ನಾಗಿದ್ದವನಿಗೆ ರಾತ್ರಿ ಉಸಿರು ಕಟ್ಟಬಹುದು.

ಪೆಟ್ಟಿನ ಬಳಿಕ ಸ್ವರ ಒಡೆದಿದೆಯೇ? ಕೆಮ್ಮಿದರೆ ರಕ್ತ ಬರುತ್ತದೆಯೇ? ಉಸಿರೆಳೆಯುವಾಗ ಸೀಟಿಯಂಥ ಶಬ್ದ ಇದೆಯೇ? ಊದಿದ ಕುತ್ತಿಗೆಯನ್ನು ಮುಟ್ಟಿದರೆ ಚರ್ಮದಡಿ ಚರಚರ ಎನ್ನುತ್ತದೆಯೇ? ಅದು ಹರಿದ ನಾಳದಿಂದ ಸೋರಿದ ಗಾಳಿ ಇರಬಹುದು. ಇವುಗಳಲ್ಲಿ ಒಂದು ಕಂಡರೂ ಕೂಡಲೇ ಆಂಬುಲೆನ್ಸ್ ಕರೆಯಿರಿ: ಯುಎಇ 998, ಸೌದಿ 997, ಕತಾರ್ ಮತ್ತು ಬಹರೈನ್ 999, ಕುವೈತ್ 112, ಒಮಾನ್ 9999. ಬರುವ ತನಕ ಉಸಿರಾಡಲು ಅವನಿಗೆ ಹೇಗೆ ಅನುಕೂಲವೋ ಹಾಗೇ ಇರಲಿ. ಕುತ್ತಿಗೆ ತಿರುಗಿಸಬೇಡಿ, ನೀರೂ ಕುಡಿಸಬೇಡಿ.

ಆಸ್ಪತ್ರೆಯಲ್ಲಿ "ಕುತ್ತಿಗೆ ನೋವು" ಎಂದರೆ ಸಾಲದು. ಏನು ಬಡಿಯಿತು, ಎಷ್ಟು ಹೊತ್ತಿಗೆ, ಸ್ವರ ಯಾವಾಗ ಬದಲಾಯಿತು ಎಂಬುದನ್ನೂ ಹೇಳಿ. ಇಂಗ್ಲಿಷೋ ಅರಬಿಯೋ ಬಾರದವನ ಜೊತೆ ಬಲ್ಲವರೊಬ್ಬರು ಹೋಗಿ. ಆ ಮಾಹಿತಿ ಸಿಕ್ಕಿದರೆ ವೈದ್ಯರಿಗೆ ಸಂಶಯ ಹುಟ್ಟುತ್ತದೆ. ಸಿಟಿ ಸ್ಕ್ಯಾನ್ ಮಾಡಿಸುತ್ತಾರೆ, ಕ್ಯಾಮೆರಾ ಇರುವ ಸಪೂರ ಕೊಳವೆ ಇಳಿಸಿ ನಾಳದ ಒಳಗೆ ನೋಡುತ್ತಾರೆ. ಸಣ್ಣ ಬಿರುಕಾದರೆ ನಿಗಾದಲ್ಲಿಟ್ಟಾಗ ತಾನಾಗಿ ಕೂಡಿಕೊಳ್ಳುವುದುಂಟು. ದೊಡ್ಡದಾದರೆ ಗಾಯ ದಾಟಿ ಕೊಳವೆ ಇಳಿಸಿ ಉಸಿರು ಕಾಪಾಡಿ, ಬಳಿಕ ಹೊಲಿಗೆ ಹಾಕುತ್ತಾರೆ. ತಡವಾದರೆ, ಬದುಕಿ ಉಳಿದವನ ನಾಳವೂ ಕಿರಿದಾಗಿ ವರ್ಷಗಟ್ಟಲೆ ಕಾಡಬಹುದು.

ಹಲವರು ಬಾಯಿ ಬಿಡದಿರುವುದು ನೋವಿಲ್ಲವೆಂದಲ್ಲ, ಸಂಬಳ ಕಡಿತವಾದೀತೆಂದು. ಲೆಕ್ಕಪತ್ರದ ಮೇಜಿನಲ್ಲಿ ಕೂತಿರುವ ನಾವು ಇಷ್ಟು ಹೇಳಬಲ್ಲೆವು: ಯುಎಇಯ 2021ರ ಕಾರ್ಮಿಕ ಕಾನೂನಿನಂತೆ ಕೆಲಸದಲ್ಲಾದ ಗಾಯದ ಚಿಕಿತ್ಸೆಯ ಖರ್ಚು ಮಾಲಕರದ್ದು. ಚಿಕಿತ್ಸೆ ನಡೆಯುವಷ್ಟು ದಿನ, 6 ತಿಂಗಳ ತನಕ, ಪೂರ್ತಿ ಸಂಬಳವೂ ಉಂಟು. ಆದ್ದರಿಂದ ಅದೇ ದಿನ ಫೋರ್‌ಮನ್‌ಗೆ ತಿಳಿಸಿ, ಬರೆಸಿ, ಪ್ರತಿ ಇಟ್ಟುಕೊಳ್ಳಿ. ದಾಖಲೆಯಿಲ್ಲದ ಪೆಟ್ಟನ್ನು ತಿಂಗಳು ಕಳೆದ ಮೇಲೆ ಸಾಬೀತು ಮಾಡುವುದು ಕಷ್ಟ.

ನಿಮ್ಮ ದೇಶದ ಆಂಬುಲೆನ್ಸ್ ನಂಬ್ರವನ್ನು ಇವತ್ತೇ ಫೋನಿನಲ್ಲಿ ಹಾಕಿಕೊಳ್ಳಿ. ರೂಮಿನಲ್ಲಿ ಓದು ಬಾರದವರಿದ್ದರೆ ಈ ಪುಟವನ್ನು ಅವರಿಗೆ ಓದಿ ಹೇಳಿ.