ಬೀಗದೊಳಗಿನವರ ರಕ್ತ



ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಹಾಸ್ಟೆಲುಗಳಲ್ಲಿ ಉಣ್ಣುವ ನಮಗೆ ಒಂದು ಪ್ರಶ್ನೆ. ರೋಗಿಯ ತಟ್ಟೆ ಬೇರೆ ಇಡುವವನಿಗೂ, ನಮ್ಮ ಅಪ್ಪಂದಿರಿಗೆ ಹೋಟೆಲಿನಲ್ಲಿ ಲೋಟ ಬೇರೆ ಇಟ್ಟವನಿಗೂ ಏನು ವ್ಯತ್ಯಾಸ?

1986ರಲ್ಲಿ ಮದರಾಸಿನ ಡಾ. ಸುನೀತಿ ಸಾಲೊಮನ್ ಮತ್ತು ಅವರ ವಿದ್ಯಾರ್ಥಿನಿ ನಿರ್ಮಲಾ ಸೆಲ್ಲಪ್ಪನ್ ಈ ದೇಶದ ಮೊದಲ ಎಚ್‌ಐವಿ ಸೋಂಕನ್ನು ಪತ್ತೆ ಹಚ್ಚಿದರು. ರಕ್ತ ಯಾರದು? ಹಿಡಿದು ತಂದು ಸರ್ಕಾರಿ ಗೃಹದಲ್ಲಿ ಕೂಡಿಹಾಕಿದ್ದ ಲೈಂಗಿಕ ವೃತ್ತಿಯ ಹೆಣ್ಣುಮಕ್ಕಳದು. 'ನಮ್ಮ ಸಂಸ್ಕೃತಿಯಲ್ಲಿ ಇಂಥ ರೋಗ ಬರಲ್ಲ' ಅಂತ ಎದೆ ತಟ್ಟುತ್ತಿದ್ದೋರು ಆಮೇಲೆ ಆ ಹೆಣ್ಣುಮಕ್ಕಳನ್ನೇ ಬೈದರು. ಅವರ ಬಳಿಗೆ ಹೋದ ಗಂಡಸರನ್ನು ಯಾರೂ ಕೇಳಲಿಲ್ಲ!

ಸುನೀತಿ ಮಾತ್ರ ಕೈಬಿಡಲಿಲ್ಲ. 1993ರಲ್ಲಿ ವೈಆರ್‌ಜಿ ಕೇರ್ ಕಟ್ಟಿದರು. ಬೇರೆ ವೈದ್ಯರು ಮುಟ್ಟಲು ಹೆದರಿದವರನ್ನು ಮುಟ್ಟಿ ನೋಡಿದರು. 2015ರಲ್ಲಿ ತೀರಿಕೊಂಡರು. ಅವರನ್ನು ಗೌರವಿಸೋಣ. ಆದರೆ ಬೀಗದೊಳಗಿದ್ದ ಆ ಹೆಣ್ಣು 'ಒಲ್ಲೆ' ಅನ್ನಬಹುದಿತ್ತೇ? ಈ ಪ್ರಶ್ನೆಯನ್ನೂ ನಾವು ಬಿಡಬಾರದು.

ಒಪ್ಪಿಗೆ ಇಲ್ಲದೆ ಪರೀಕ್ಷೆ ಕೂಡದು, ಸರ್ಕಾರದ ವಶದಲ್ಲಿರುವವರಿಗೂ ಚಿಕಿತ್ಸೆ ಹಕ್ಕು ಅನ್ನುತ್ತದೆ 2017ರ ಎಚ್‌ಐವಿ ಕಾಯ್ದೆ. ಜೈಲಿನಲ್ಲಿರೋರು ಯಾರು? ಅಲ್ಲಿ ದಲಿತರ, ಆದಿವಾಸಿಗಳ ಪಾಲು ಜನಸಂಖ್ಯೆಯಲ್ಲಿನ ಪಾಲಿಗಿಂತ ಹೆಚ್ಚು. ಅಂದಮೇಲೆ ಅದು ನಮ್ಮ ಕಾಯ್ದೆ.

ನಮ್ಮಲ್ಲಿ ಡಾಕ್ಟರು, ನರ್ಸು, ವಕೀಲಿ ಓದೋರಿದ್ದಾರೆ. ಓದು ಮುಗಿಸಿ ಬೀಗದ ಆಚೆ ಇರೋರ ಕಡೆ ಹೋಗಿ. ಅಲ್ಲೀತನಕ ಸುಮ್ಮನಿರೋದು ಬೇಡ. ಹಾಸ್ಟೆಲಿನಲ್ಲಿ ಬೇರೆ ಇಟ್ಟ ತಟ್ಟೆ ಕಂಡರೆ ಅದನ್ನು ಎತ್ತಿ ಪಂಕ್ತಿಯೊಳಗಿಡಿ.

ಜೈ ಭೀಮ್.